ಮೇಲಿನಿಂದ ಬಡಿಸಿದ ಅನ್ನ

ನನ್ನ ಅಮ್ಮ ದಿನಾ ಬೆಳಿಗ್ಗೆ ಚಾಳಿನ ನಲ್ಲಿಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಿದ್ದಳು. ನಲ್ಲಿ ನಮ್ಮದಲ್ಲ. ಸಯನ್ ಸ್ಟೇಷನ್ನಿನ ಹತ್ತಿರದ ಆ ಚಾಳಿನಲ್ಲಿ ಮಹಡಿಗೊಂದೇ ನಲ್ಲಿ. ಗಿರಣಿಗೆ ಹೋಗುವವರು, ಮೀನು ಮಾರುವವರು, ಸಿಂಧ್‌ನಿಂದ ಓಡಿಬಂದವರು, ನಾವು, ಎಲ್ಲರೂ ಅದನ್ನೇ ತಿರುಗಿಸಬೇಕು. ಅಮ್ಮ ಎಲ್ಲರಿಗಿಂತ ಮೊದಲೆದ್ದು ಅದನ್ನು ತೊಳೆದು, ಒಂದಿಷ್ಟು ನೀರು ಹರಿಯಬಿಟ್ಟು, 'ಇನ್ನು ಗಂಗೆ' ಎಂದು ತಾಮ್ರದ ಕೊಡ ಒಡ್ಡುತ್ತಿದ್ದಳು. ಆ ಪೈಪು ಗೋಡೆಯೊಳಗೆ ಎಂಥೆಂಥ ಪಾಯಿಖಾನೆಗಳ ಬೆನ್ನಿಗೆ ಬೆನ್ನು ಕೊಟ್ಟು ಮೇಲೆ ಬರುತ್ತಿತ್ತೆಂಬುದು ಅವಳಿಗೆ ಗೊತ್ತಿತ್ತು. ಆದರೆ ಕಣ್ಣಿಗೆ ಬೀಳುವಷ್ಟು ಹಿತ್ತಾಳೆಯನ್ನು ಹೊಳೆಯಿಸಿಬಿಟ್ಟರೆ ಕಾಣದ್ದೆಲ್ಲ ತಾನಾಗಿ ಶುದ್ಧವಾಗುತ್ತದೆಂದು ಅವಳ ನಂಬಿಕೆ. ಈಗ ನೆನೆದರೆ, ಆ ಒಂದು ಕೋಣೆಯ ಮನೆಯಲ್ಲಿದ್ದ ನಾಲ್ವರಲ್ಲಿ ಮೂವರು ಬದುಕಿದ್ದು ಹೀಗೆಯೇ. ಒಬ್ಬೊಬ್ಬರಿಗೂ ತಿಕ್ಕಿ ಹೊಳೆಯಿಸಲು ಒಂದೊಂದು ನಲ್ಲಿ.

ಅಮ್ಮನದು ಮಡಿಯ ಹೆಮ್ಮೆ. ಉಡುಪಿಯ ಕಡೆಯ ಅಗ್ರಹಾರದಲ್ಲಿ ನಾಲ್ಕು ಅಂಕಣದ ಮನೆಯಲ್ಲಿ ನಡೆಯಬಹುದಾದ ಮಡಿಯನ್ನು ಅವಳು ನಾಲ್ಕು ಮಾರಿನ ಕೋಣೆಯಲ್ಲಿ ನಡೆಸಲು ಹೊರಟಿದ್ದಳು. ಸ್ನಾನ ಮಾಡಿ ಒದ್ದೆ ಸೀರೆ ಉಟ್ಟು ಸ್ಟವ್ ಮುಂದೆ ಕೂತಳೆಂದರೆ ಹೊರಗಿನಿಂದ ಬಂದದ್ದು ಯಾವುದನ್ನೂ ಮುಟ್ಟುವಂತಿಲ್ಲ. ಆದರೆ ಮುಂಬಯಿಯಲ್ಲಿ ಹೊರಗಿನಿಂದ ಬರದೆ ಇರುವುದು ಏನಿದೆ? ಸೀಮೆಎಣ್ಣೆ, ರೇಷನ್ನಿನ ಅಕ್ಕಿ, ತರಕಾರಿ, ಹಾಲಿನ ಬಾಟಲಿ, ಎಲ್ಲ ಹೊರಗಿನದೇ. ಅದಕ್ಕಾಗಿ ಅವಳಿಗೆ ಮೈಲಿಗೆಯ ಎರಡು ಕೈ ಬೇಕು. ಅದು ನಾನು. ನಾನು ಬಾಟಲಿ ಹಿಡಿದು ಮೇಲಿನಿಂದ ಹೊಯ್ಯಬೇಕು, ಅವಳು ಕೆಳಗೆ ಪಾತ್ರೆ ಹಿಡಿಯಬೇಕು; ಆ ಗೇಣುದ್ದದ ಹಾದಿಯಲ್ಲಿ ಹಾಲು ಮಡಿಯಾಗುತ್ತಿತ್ತು. ಒಬ್ಬರು ಮಡಿಯಾಗಿರಬೇಕಾದರೆ ಪಕ್ಕದಲ್ಲೊಬ್ಬರು ಮೈಲಿಗೆಯಾಗಿ ನಿಂತಿರಬೇಕೆಂಬ ಮಾತು ನನಗೆ ಯಾವ ಶಾಲೆಯಲ್ಲೂ ಅಲ್ಲ, ಆ ಹಾಲಿನ ಬಾಟಲಿಯಿಂದ ತಿಳಿಯಿತು.

ಅಪ್ಪನದು ಗಲ್ಲಾದ ಹೆಮ್ಮೆ. ಮಾಟುಂಗದ ಒಂದು ಹೋಟೆಲಿನಲ್ಲಿ ಅವನು ಗಲ್ಲಾದಲ್ಲಿ ಕೂರುತ್ತಿದ್ದ. ಅಲ್ಲಿಗೆ ಏರುವ ಮೊದಲು ಅದೇ ಹೋಟೆಲಿನ ಅಡುಗೆಮನೆಯಲ್ಲಿ ಸಾಂಬಾರಿನ ಹಂಡೆಯ ಮುಂದೆ ವರ್ಷಗಟ್ಟಲೆ ನಿಂತು ಬೆವರಿದವನು. ಒಳ್ಳೆಯ ಅಡುಗೆಯವನಾಗಿದ್ದನಂತೆ, ಅಮ್ಮ ಎಂದಾದರೂ ಖುಷಿಯಲ್ಲಿದ್ದಾಗ ಗುಟ್ಟಾಗಿ ಹೇಳುತ್ತಿದ್ದಳು. ಅಪ್ಪನ ಎದುರಿಗೆ ಹೇಳುವಂತಿರಲಿಲ್ಲ. ಮುಂಗೈಯ ಸುಟ್ಟ ಕಲೆಗಳು ಕಾಣದಿರಲೆಂದು ಮೇ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದ. ಚಾಳಿನಲ್ಲಿ ತಾನು ಹೋಟೆಲಿನ ಪಾರ್ಟ್ನರ್ ಎಂದು ಹೇಳಿಕೊಂಡಿದ್ದ. ಊರಿನಲ್ಲೂ ಹಾಗೆಯೇ ಹೇಳಿಕೊಂಡಿದ್ದ. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಬಾಗಿಲಿನ ಪಕ್ಕ ಹಾಕಿಕೊಂಡು, ಗಲ್ಲಾದಲ್ಲಿ ಕೂತ ಹಾಗೆಯೇ ಒಂದು ಮಗ್ಗುಲಿಗೆ ವಾಲಿ, ಎರಡು ಹೆಜ್ಜೆ ಆಚೆ ಇದ್ದ ನಮ್ಮನ್ನು ಇಡೀ ಹೋಟೆಲಿಗೆ ಕೇಳುವಂತೆ ಕೂಗುತ್ತಿದ್ದ.

"ಒಂದು ಕಾಫಿ! ಸಕ್ಕರೆ ಕಮ್ಮಿ!"

ಎದ್ದು ಒಂದು ಲೋಟ ನೀರು ತೆಗೆದುಕೊಂಡರೆ ಮತ್ತೆ ಅಡುಗೆಯವನಾಗಿಬಿಡುತ್ತೇನೆಂದು ಹೆದರಿದವನ ಹಾಗಿದ್ದ.

ಇನ್ನು ನನ್ನ ಹೆಮ್ಮೆ. ನಾನು ನಾಲ್ಕನೆಯ ಕ್ಲಾಸಿನಲ್ಲಿ ಫೇಲಾದೆ, ಮತ್ತೆ ಕೂತು ಮತ್ತೆ ಫೇಲಾದೆ. ಎರಡನೆಯ ಸಲ ತಂಗಿ ಗಿರಿಜ ನನ್ನದೇ ಬೆಂಚಿನಲ್ಲಿ ಕೂತಿದ್ದಳು, ಪಾಸಾಗಿ ಮುಂದೆ ಹೋದಳು. ಪಾರ್ಟ್ನರ್ ಸಾಹೇಬರ ಮಗಳು ಫೇಲಾಗುವುದು ಹೇಗೆ? ಪಕ್ಕದ ಖೋಲಿಯ ಶೇವಂತಾಬಾಯಿ ಕೇಳಿದಾಗ ಅಪ್ಪ ಕುರ್ಚಿಯಲ್ಲಿ ವಾಲಿಕೊಂಡೇ ಒಂದು ಕತೆ ಕಟ್ಟಿದ. 'ಪದ್ಮ ತಾನಾಗಿಯೇ ಬಿಟ್ಟಳು ಬಾಯಿ. ತಂಗಿ ಓದಲಿ, ಮನೆ ಕೆಲಸ ನಾನು ನೋಡ್ತೇನೆ ಅಂದಳು.' ಶೇವಂತಾಬಾಯಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಆ ಲಟಿಕೆಯ ಸದ್ದು ನನಗೆ ಎಷ್ಟು ಇಷ್ಟವಾಯಿತೆಂದರೆ, ಒಂದು ವಾರದೊಳಗೆ ಅಪ್ಪ ಕಟ್ಟಿದ ಕತೆ ನನಗೆ ನಡೆದ ಸಂಗತಿಯಾಗಿ ನೆನಪಿಗೆ ಬರತೊಡಗಿತು. ಗಿರಿಜ ಪಾಠ ಗಟ್ಟಿಮಾಡುವಾಗ ನಾನು ಅಕ್ಕಿ ಆರಿಸುತ್ತ ತ್ಯಾಗಿಯ ಮುಖ ಹಾಕಿಕೊಂಡು ಕೂರುತ್ತಿದ್ದೆ. ಅವಳೂ ದೇವತೆಯೇನಲ್ಲ. ನಾನು ಪೊಟ್ಟಣದ ಕಾಗದ ಓದುವುದನ್ನು ಕೇಳಿ ಕಿಸಕ್ಕನೆ ನಗುತ್ತಿದ್ದಳು.

"ಅಕ್ಕಾ, ಅಕ್ಷರ ಎಂತ ಅಕ್ಕಿಯಾ, ಒಂದೊಂದೇ ಆರಿಸ್ಲಿಕ್ಕೆ? ಕೂಡಿಸಿ ಓದು ಮಾರಾಯ್ತಿ!"

ನಾನೂ ನಗುತ್ತಿದ್ದೆ. ನಕ್ಕದ್ದನ್ನು ಮರೆತೆ, ಅವಳು ಅಂದದ್ದನ್ನು ಮರೆಯಲಿಲ್ಲ.

ಮನೆಯ ಇನ್ನೊಂದು ರೀತಿಯನ್ನು ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೆಂಗಸರು ತಿಂಗಳ ಮೂರು ದಿನ ಹೊರಗೆ ಕೂರಬೇಕು. ಊರಿನಲ್ಲಿ ಅದಕ್ಕೆ ಹಿಂದಿನ ಜಗಲಿ ಇತ್ತು. ಚಾಳಿನಲ್ಲಿ ಹೊರಗೆ ಅಂದರೆ ಗ್ಯಾಲರಿ, ಅಂದರೆ ಇಡೀ ಮಹಡಿಯವರು ಓಡಾಡುವ ದಾರಿ. ನಮ್ಮದು ಕೊನೆಯ ಖೋಲಿಯಾದ್ದರಿಂದ ಗ್ಯಾಲರಿಯ ಮೂಲೆ ನಮ್ಮ ಪಾಲಿಗಿತ್ತು. ಅಮ್ಮ ಅಲ್ಲೊಂದು ಗೋಣಿಯ ಪರದೆ ಕಟ್ಟಿದ್ದಳು. ಪರದೆ ಅವಳನ್ನು ಮುಚ್ಚುತ್ತಿರಲಿಲ್ಲ, ಅವಳು ಯಾಕೆ ಅಲ್ಲಿದ್ದಾಳೆಂದು ಸಾರುತ್ತಿತ್ತು. ಹೊರಗೆ ಕೂತವರಿಗೆ ಊಟ ಬಡಿಸುವ ಕ್ರಮ ಬೇರೆ. ತಟ್ಟೆಗೆ ಸೌಟು ತಾಗಬಾರದು. ಸೊಂಟದ ಎತ್ತರದಿಂದ ಅನ್ನ ತೊಪ್ಪನೆ ಬೀಳಬೇಕು, ಹುಳಿ ಹಾರಿ ಸೀರೆಗೆ ಸಿಡಿಯಬೇಕು. ನಾಲ್ಕನೆಯ ದಿನ ಬೆಳಿಗ್ಗೆ ಮನೆಯವರೊಬ್ಬರು ಮುಟ್ಟದೆ ಮೇಲಿನಿಂದ ನೀರು ಹೊಯ್ದ ಮೇಲೆ ಒಳಗೆ ಬರಬಹುದು. ನಾನು ದೊಡ್ಡವಳಾಗಿ ಒಂದು ವರ್ಷವಾಗಿತ್ತು, ಗಿರಿಜ ಇನ್ನೂ ಆಗಿರಲಿಲ್ಲ. ಅಮ್ಮ ಹೊರಗಿದ್ದಾಗ ನಾನು ಅಡುಗೆ, ನಾನೂ ಹೊರಗಾದರೆ ಗಿರಿಜ. ಹೊರಗೆ ಕೂತವಳನ್ನು ಮುಟ್ಟಿದರೆ ಮೈಲಿಗೆಯಾದ್ದರಿಂದ ಅವಳು ನಿಜವಾಗಿ ಹೊರಗಾಗಿದ್ದಾಳೆಯೇ ಎಂದು ಯಾರೂ ವಿಚಾರಿಸುವಂತಿಲ್ಲ. ಇಷ್ಟು ಸುಲಭದ ಸುಳ್ಳಿಗೆ ಇಷ್ಟು ಗಟ್ಟಿ ಕಾವಲು ಇನ್ನೆಲ್ಲೂ ಇರಲಾರದು.

ಆ ವರ್ಷ ಗಿರಿಜಳ ಏಳನೆಯ ಕ್ಲಾಸಿನ ಕೊನೆಯ ಪರೀಕ್ಷೆ. ಅದು ಪಾಸಾದರೆ ಮಾಟುಂಗದ ಹೈಸ್ಕೂಲು, ಆಮೇಲೆ ಟೀಚರ್ ಕೆಲಸ ಎಂದು ಅವಳ ಟೀಚರ್ ಬಾಯಿಯೇ ಮನೆಗೆ ಬಂದು ಹೇಳಿಹೋಗಿದ್ದರು. ಗಿರಿಜ ಸ್ನಾನದ ನೀರು ಕಾಯುವಾಗಲೂ ಓದುತ್ತಿದ್ದಳು. ಅದೇ ವಾರ ಊರಿನಿಂದ ಕಾಗದ ಬಂತು. ಅಪ್ಪನ ಅಣ್ಣನ ವರಸೆಯ ದೊಡ್ಡಪ್ಪ ಕಾಶಿಗೆ ಹೊರಟಿದ್ದಾರೆ, ಹಡಗಿನಿಂದ ಇಳಿದು ನಮ್ಮಲ್ಲಿ ಒಂದು ಹೊತ್ತು ಊಟ ಮಾಡಿ ಮಧ್ಯಾಹ್ನದ ರೈಲು ಹಿಡಿಯುತ್ತಾರೆ. ಹೋಟೆಲಿನ ಅನ್ನ ಮುಟ್ಟುವವರಲ್ಲ. ಮನೆಯಲ್ಲೇ ಮಡಿಯಲ್ಲಿ ಆಗಬೇಕು. ದಿನ ನೋಡಿದರೆ ಗಿರಿಜಳ ಮೊದಲನೆಯ ಪೇಪರಿನ ದಿನ. ಅಮ್ಮ ಹಿಂದಿನ ದಿನವೇ ಹೊರಗಾದಳು. ಆದರೂ ಯಾರಿಗೂ ಗಾಬರಿಯಾಗಲಿಲ್ಲ. ನಾನಿದ್ದೆನಲ್ಲ. ನಾನು ಹೊರಗೆ ಕೂತು ಎದ್ದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಆ ಸಂಜೆ ಅಪ್ಪ ಕುರ್ಚಿಯನ್ನು ಗ್ಯಾಲರಿಗೆ ತಂದು ಶೇವಂತಾಬಾಯಿಯ ಗಂಡನ ಎದುರು ಕೂತಿದ್ದ. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಅವನ ಮಾತು ಹರಿಯುತ್ತಿತ್ತು. ಗಿರಿಜ ಟೀಚರ್ ಆಗುತ್ತಾಳೆ, ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಇವಳೇ ಮೊದಲು, ಇತ್ಯಾದಿ. 'ಔರ್ ಪದ್ಮಾ?' ಎಂದು ಆತ ಕೇಳಿದ. ನಾನು ಒಳಗೆ ತೊಗರಿಬೇಳೆ ಆರಿಸುತ್ತಿದ್ದೆ. ಅಪ್ಪ ನನ್ನ ತ್ಯಾಗದ ಕತೆ ಹೇಳುತ್ತಾನೆಂದು ಮುಖವನ್ನು ಅದಕ್ಕೆ ತಕ್ಕಂತೆ ಮಾಡಿಕೊಂಡು ಕಾದೆ.

"ಪದ್ದಿಯಾ? ಅವಳದು ತಲೆ ಸ್ವಲ್ಪ ಮಂದ. ಮನೆಗೆ ಸಾಕು."

ತಾನೇ ಕಟ್ಟಿದ ಕತೆಯನ್ನು ಅವನು ಮರೆತಿದ್ದ. ಹೊಸ ಹೆಮ್ಮೆ ಸಿಕ್ಕಾಗ ಹಳೆಯದನ್ನು ಹೀಗೆಯೇ ಬಿಸಾಡುತ್ತಾರೆ. ಹೊಸ್ತಿಲಲ್ಲಿ ಕೂತು ಓದುತ್ತಿದ್ದ ಗಿರಿಜ ತಲೆಯೆತ್ತಲಿಲ್ಲ. ಅವಳಿಗೆ ಕೇಳಿಸಿತ್ತೋ ಇಲ್ಲವೋ, ಆದರೆ ಕೇಳಿಸಿ ಒಳಗೊಳಗೆ ನಗುತ್ತಿದ್ದಾಳೆಂದು ನಾನು ತೀರ್ಮಾನಿಸಿದೆ. ತೀರ್ಮಾನ ನನಗೆ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ನೀರು ತುಂಬಿಸಿ, ಕೊಡಗಳನ್ನು ಒಳಗಿಟ್ಟು, ನಾನು ಗೋಣಿಯ ಪರದೆ ಸರಿಸಿ ಅಮ್ಮನ ಪಕ್ಕ ಹೋಗಿ ಕೂತೆ.

"ಎಂತದೇ? ನನ್ನ ಹತ್ರ ಎಂತಕ್ಕೆ ಬಂದದ್ದು? ಹೋಗು, ಮಡಿಗೆ ನೀರು ಹಾಕ್ಕೋ!"

"ನಾನೂ ಹೊರಗೆ ಅಮ್ಮ."

"ಹೊರಗಾ? ಮೊನ್ನೆ ಮೊನ್ನೆ ಕೂತು ಎದ್ದವಳಲ್ವೇನೇ ನೀನು!"

"ಎಂತ ಮಾಡುದು? ಆಗಿದೆ."

ಅಮ್ಮ ನನ್ನನ್ನು ದಿಟ್ಟಿಸಿದಳು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಂಬದಿದ್ದರೆ ಅವಳು ಇನ್ನೊಂದನ್ನೂ ಕೇಳಬೇಕಾಗುತ್ತಿತ್ತು: ಇವಳು ಇನ್ನೆಷ್ಟು ಸಲ ಸುಳ್ಳು ಹೇಳಿರಬಹುದು, ಇವಳು ಮಾಡಿದ ಎಷ್ಟು ಅಡುಗೆ ನಾನು ಮಡಿಯೆಂದು ಉಂಡಿರಬಹುದು ಎಂದು. ಅದಕ್ಕಿಂತ ನಂಬುವುದು ಹಗುರ. 'ಈ ಊರಿನ ನೀರಿನ ಉಷ್ಣ' ಎಂದು ಗೊಣಗಿ ಅಪ್ಪನನ್ನು ಕೂಗಿದಳು. ಅಪ್ಪ ಕ್ಷೌರದ ನೊರೆ ಅರ್ಧ ಮುಖಕ್ಕೆ ಹಚ್ಚಿಕೊಂಡು ಬಂದ. ಹಿಂದಿನಿಂದ ಗಿರಿಜ ಬಂದಳು, ಜಡೆಗೆ ರಿಬ್ಬನ್ ಕಟ್ಟಿ, ಇಸ್ತ್ರಿಯ ಲಂಗ ತೊಟ್ಟು, ಪೆನ್ನಿಗೆ ಶಾಯಿ ತುಂಬಿಕೊಂಡು. ಅಮ್ಮ ಪರದೆಯ ಒಳಗಿಂದಲೇ ದನಿ ಇಳಿಸಿ ಹೇಳಿದಳು.

"ನೀವೇ ಮಾಡಿ. ನೀವು ಮಾಡದ ಅಡುಗೆಯಾ? ಒಂದು ಗಂಟೆಯ ಕೆಲಸ ನಿಮಗೆ."

"ಮೆಲ್ಲ! ಮೆಲ್ಲ ಮಾತಾಡು! ಅಣ್ಣನ ಎದುರು ನಾನು ಸೌಟು ಹಿಡಿಯುದಾ? ಊರಿಗೆ ಹೋಗಿ ಎಂತ ಹೇಳಿಯಾರು?"

"ಮತ್ತೆ ಇವಳ ಪರೀಕ್ಷೆ?"

"ಪರೀಕ್ಷೆ ಎಲ್ಲಿಗೆ ಓಡಿ ಹೋಗ್ತದೆ? ಬರುವ ವರ್ಷ ಬರೆದ್ರಾಯ್ತು. ಅಣ್ಣ ಬರುವ ವರ್ಷ ಬರ್ತಾರಾ?"

"ಅಪ್ಪ, ನಾನು ಬರೆದು ಓಡಿ ಬರ್ತೇನೆ. ಬಂದು ಮಾಡ್ತೇನೆ," ಎಂದಳು ಗಿರಿಜ.

"ಅಷ್ಟೊತ್ತಿಗೆ ಅವರ ರೈಲು ಕಲ್ಯಾಣ ದಾಟಿರ್ತದೆ. ಹೋಗು, ಲಂಗ ಬಿಚ್ಚು."

ಗಿರಿಜ ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಪರದೆಯ ಸಂದಿಯಿಂದ ನನ್ನನ್ನು ನೋಡಿದಳು. ಕೋಪವಿರಲಿಲ್ಲ ಅದರಲ್ಲಿ. ಕಾಯುವ ನೋಟ ಅದು. 'ಅಲ್ಲ, ನಾನು ಹೊರಗಲ್ಲ, ಹೋಗು' ಎಂದು ಎದ್ದು ನಿಲ್ಲಲು ನನಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಕೆಳಗೆ ಒಂದು ಲೋಕಲ್ ಬಂದು ನಿಂತು ಹೊರಟಿತು. ನಾನು ಅದರಲ್ಲಿ ಜೋತುಬಿದ್ದವರನ್ನು ನೋಡುತ್ತ ಕೂತೆ. ಅವಳು ಪೆನ್ನನ್ನು ಕಿಟಕಿಯ ಅಂಚಿನಲ್ಲಿಟ್ಟು, ಲಂಗ ಮಡಿಸಿಟ್ಟು, ತಲೆಗೆ ನೀರು ಹೊಯ್ದುಕೊಂಡು, ಅಮ್ಮನ ಮಡಿಸೀರೆ ಒದ್ದೆ ಮಾಡಿ ಸುತ್ತಿಕೊಂಡು ಸ್ಟವ್‌ಗೆ ಪಂಪ್ ಹೊಡೆಯತೊಡಗಿದಳು. ಆ ಸದ್ದಿನೊಂದಿಗೆ ಹೊತ್ತು ಕಳೆದು ಪರೀಕ್ಷೆಯ ಗಂಟೆಯೂ ಕಳೆಯಿತು. ಅಷ್ಟು ಹೊತ್ತೂ ನಾನು ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ: ಹೆಚ್ಚು ಓದಿದರೆ ಗಂಡು ಸಿಗುವುದು ಕಷ್ಟ, ಅಕ್ಕನಾಗಿ ಅವಳ ಒಳ್ಳೆಯದನ್ನೇ ಮಾಡಿದ್ದೇನೆ. ಮನುಷ್ಯನ ಮನಸ್ಸಿನಷ್ಟು ಚುರುಕಾದ ವಕೀಲ ಇಲ್ಲ. ಕೊಲೆ ಇನ್ನೂ ಮುಗಿದಿರುವುದಿಲ್ಲ, ಅವನು ಆಗಲೇ ವಾದ ಶುರುಮಾಡಿರುತ್ತಾನೆ. ನಲ್ಲಿಗೆ ಹೋಗುತ್ತಿದ್ದ ಶೇವಂತಾಬಾಯಿ ಪರದೆಯೊಳಗೆ ಇಣುಕಿದಳು.

"ಕಾಯ್ ಗ ಪದ್ಮಾ, ಮಹಿನ್ಯಾತ್ ದೋನದಾ?"

ತಿಂಗಳಿಗೆ ಎರಡು ಸಲವಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಲಟಿಕೆ ಮುರಿದಿದ್ದ ಅದೇ ಕೈ ಬಕೀಟು ಬೀಸಿಕೊಂಡು ಹೋಯಿತು.

ದೊಡ್ಡಪ್ಪ ಬಂದರು, ಉಂಡರು. ಅನ್ನ ತಳ ಹಿಡಿದಿತ್ತು, ಹುಳಿಗೆ ಉಪ್ಪು ಹೆಚ್ಚಾಗಿತ್ತು. ಅಪ್ಪ ತುಂಬುತೋಳಿನ ಅಂಗಿ ತೊಟ್ಟು, ಮಗ್ಗುಲಿಗೆ ವಾಲಿ, ಹೋಟೆಲಿನ ವ್ಯವಹಾರ ವಿವರಿಸುತ್ತಿದ್ದ. ದೊಡ್ಡಪ್ಪ ಗ್ಯಾಲರಿಗೆ ಬಂದು ಕೈ ತೊಳೆಯುತ್ತ, ಇಷ್ಟಗಲ ನಕ್ಕು, ಪ್ರೀತಿಯಿಂದಲೇ ಅಂದರು.

"ಅಲ್ಲ ಮಾರಾಯ, ಕಾಶಿಗೆ ಹೊರಟವನಿಗೆ ನಿನ್ನ ಕೈಯ ಸಾರು ಸಿಗ್ತದೆ ಅಂತ ಆಸೆಪಟ್ಟುಕೊಂಡು ಬಂದಿದ್ದೆ. ಊರಲ್ಲಿ ಈಗಲೂ ಹೇಳ್ತಾರೆ, ಅಡುಗೆ ಅಂದ್ರೆ ಇವನದ್ದು ಅಂತ. ಮಗಳಿಗೆ ಕಲಿಸಲಿಲ್ವಾ ಎಂತ?"

ಊರಿಗೆಲ್ಲ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಯಾರೂ ನಂಬದ ಒಂದು ಸುಳ್ಳನ್ನು ಕಾಪಾಡಲು ಅಪ್ಪ ಮಗಳ ಪರೀಕ್ಷೆಯನ್ನು ಒಲೆಗೆ ಹಾಕಿದ್ದ. ಅವನು ಗಲ್ಲಾದಲ್ಲಿ ಗಿರಾಕಿಗಳಿಗೆ ನಗುವ ನಗೆ ನಕ್ಕ. ಒಳಗೆ ಗಿರಿಜ ಪಾತ್ರೆ ತಿಕ್ಕುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ನಾಲ್ಕನೆಯ ಬೆಳಿಗ್ಗೆ ನನ್ನ ತಲೆಗೆ ನೀರು ಹೊಯ್ದವಳು ಅವಳೇ. ಕೋಣೆಯ ಮೂಲೆಯ ಮೋರಿಯಲ್ಲಿ, ಅದೇ ನಮ್ಮ ಬಚ್ಚಲು, ಮುದುಡಿ ಕೂತಿದ್ದೆ. ಅವಳು ಚೆಂಬು ಎತ್ತಿ ಹಿಡಿದಳು, ಹೊಯ್ಯಲಿಲ್ಲ.

"ಅಕ್ಕ, ನಿನ್ನ ಬಟ್ಟೆ ಒಗೆದು ಎಲ್ಲಿ ಒಣಗಿಸಿದ್ದಿ? ಹಗ್ಗದ ಮೇಲೆ ಅಮ್ಮನದು ಮಾತ್ರ ಇತ್ತು."

"ಒಣಗಿತು. ತೆಗೆದಿಟ್ಟೆ."

ಅವಳು ಚೆಂಬು ಕೆಳಗಿಟ್ಟು, ಬಕೀಟನ್ನೇ ಎತ್ತಿ ಒಂದೇ ಸಲಕ್ಕೆ ನನ್ನ ಮೇಲೆ ಸುರಿದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಅವಳ ಮೌನವನ್ನು ನಾನು ಕ್ಷಮೆಯೆಂದು ಎಣಿಸಿ ನೆಮ್ಮದಿಯಾಗಿ ತಲೆ ಒರೆಸಿಕೊಂಡೆ.

ಎರಡು ವಾರ ಕಳೆದು ನಾನು ನಿಜವಾಗಿಯೂ ಹೊರಗಾದೆ. ಈಗ ಹೋಗಿ ಕೂತರೆ ಹಿಂದಿನದು ಬಯಲಾಗುತ್ತದೆ. ಹಾಗಾಗಿ ಬಾಯಿಮುಚ್ಚಿಕೊಂಡು ಒದ್ದೆ ಸೀರೆ ಉಟ್ಟು ಅಡುಗೆಗೆ ಕೂತೆ. ಅಂದು ಏಕಾದಶಿಯ ಮರುದಿನ, ಅಮ್ಮ ಉಪವಾಸ ಮುರಿಯುವ ಊಟ. ಅವಳು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, 'ಪದ್ಮನ ಕೈಯ ಅಡುಗೆಗೆ ಒಂದು ಶುದ್ಧ ಉಂಟು, ಅದು ಗಿರಿಜನದಕ್ಕೆ ಇಲ್ಲ' ಎಂದಳು. ಸಿಡಿಲೇನೂ ಹೊಡೆಯಲಿಲ್ಲ. ಅವತ್ತಿನಿಂದ ನನಗೆ ಅಮ್ಮನ ಮಡಿ ಕಂಡರೆ ತಾತ್ಸಾರ, ಅಪ್ಪನ ಕುರ್ಚಿ ಕಂಡರೆ ತಾತ್ಸಾರ. ಎಷ್ಟೋ ವರ್ಷ ಆ ತಾತ್ಸಾರವನ್ನೇ ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಅದೂ ಒಂದು ಹುಣಿಸೆಹಣ್ಣು. ಅವರಿಬ್ಬರ ಮೂರ್ಖತನವನ್ನು ತಿಕ್ಕುತ್ತ ಕೂತರೆ ನನ್ನ ಪೈಪು ಎಲ್ಲೆಲ್ಲಿ ಹಾದು ಬಂದಿದೆಯೆಂದು ನೋಡಬೇಕಾಗಿರಲಿಲ್ಲ.

ಬರುವ ವರ್ಷ ಬರಲಿಲ್ಲ. ಮನೆಗೆ ಎರಡು ಜೊತೆ ಕೈ ಅಭ್ಯಾಸವಾಗಿಬಿಟ್ಟಿತ್ತು. ಪೆನ್ನು ಕಿಟಕಿಯ ಅಂಚಿನಲ್ಲೇ ಒಣಗಿತು. ಯಾರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮುಂದೆ ನಮ್ಮಿಬ್ಬರಿಗೂ ಮದುವೆಯಾಯಿತು. ಗಿರಿಜಳನ್ನು ದಹಿಸರಿನ ಒಬ್ಬ ಕಿರಾಣಿ ಅಂಗಡಿಯವನಿಗೆ ಕೊಟ್ಟರು. ಆ ಮದುವೆಯ ಚಪ್ಪರದಲ್ಲಿ ಅಪ್ಪ ಬೀಗರಿಗೆ ನನ್ನನ್ನು ತೋರಿಸಿ, 'ತಂಗಿಗೋಸ್ಕರ ಸ್ಕೂಲು ಬಿಟ್ಟವಳು' ಎಂದ. ಹಳೆಯ ಕತೆ ಮತ್ತೆ ಕೈಗೆ ಸಿಕ್ಕಿತ್ತು ಅವನಿಗೆ. ಗಿರಿಜ ಹಸೆಮಣೆಯ ಮೇಲಿದ್ದಳು. ನಾನು ತಲೆ ತಗ್ಗಿಸಿ, ಹೊಗಳಿಕೆಗೆ ನಾಚಿದವಳ ಹಾಗೆ ನಿಂತೆ.

ಹೋದ ವರ್ಷ ದಹಿಸರಿಗೆ ಹೋದೆ. ಗಂಡ ತೀರಿಹೋದ ಮೇಲೆ ಗಿರಿಜ ಮಗನ ಮನೆಯಲ್ಲಿದ್ದಾಳೆ. ಮಡಿ, ಮೈಲಿಗೆ ಏನೂ ಇಟ್ಟುಕೊಂಡಿಲ್ಲ. ಮೊಮ್ಮಗಳು ಯಾವ ದಿನವಾದರೂ ಅಡುಗೆಮನೆಗೆ ನುಗ್ಗಿ ಪಾತ್ರೆಯಿಂದಲೇ ತಿನ್ನುತ್ತಾಳೆ. ಗಿರಿಜ ಒಲೆಯ ಮುಂದಿದ್ದಳು. ನಾನು ರೈಲಿನಲ್ಲಿ ಇಡೀ ದಾರಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ನಡುವೆ ಅತ್ತೂ ಬಿಟ್ಟೆ.

"ಗಿರಿ, ಆವತ್ತು ನಾನು ಹೊರಗಾಗಿರಲಿಲ್ಲ."

"ಗೊತ್ತುಂಟು. ನೀರು ಹೊಯ್ದವಳು ನಾನಲ್ವಾ?"

"ಎಂತದಾದ್ರೂ ಬೈಯೇ."

"ಬೈದ್ರೆ ನಿನಗೆ ಹಗುರ ಆಗ್ತದೆ, ಅಲ್ವಾ? ಅದಕ್ಕೇ ಬಂದದ್ದು ನೀನು. ಕೂತ್ಕೋ. ಊಟ ಮಾಡಿ ಹೋಗು."

ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು. ಗಿರಿಜ ಅನ್ನದ ಪಾತ್ರೆ ಹಿಡಿದು ಬಂದಳು, ನನ್ನೆದುರು ನಿಂತಳು, ಬಾಗಲಿಲ್ಲ. ಸೊಂಟದ ಎತ್ತರದಿಂದ ಅನ್ನ ನನ್ನ ತಟ್ಟೆಗೆ ತೊಪ್ಪನೆ ಬಿತ್ತು. ಹುಳಿ ಹಾರಿ ಸೀರೆಗೆ ಸಿಡಿಯಿತು. ವಯಸ್ಸಾಗಿದೆ, ಬಾಗಲು ಬೆನ್ನು ನೋಯುತ್ತದೇನೋ ಎಂದುಕೊಂಡೆ. ಹಾಗೆಲ್ಲ ಅಂದುಕೊಳ್ಳುವುದರಲ್ಲಿ ನಾನು ಪಳಗಿದವಳು. ಆಮೇಲೆ ಅವಳು ಮೊಮ್ಮಗಳ ಕಡೆ ತಿರುಗಿ, ಮೊಣಕಾಲಿಗೆ ಕೈಯೂರಿ, ಕೆಳಗೆ ಬಾಗಿದಳು. ಸೌಟು ತಟ್ಟೆಗೆ ತಾಗಿ ಠಣ್ಣೆಂದಿತು.